ತೆಗೆದವರು ಬಾಯಿ ಬಿಡುವಂತಿಲ್ಲ

ಬೀದರದ ನೌಬಾದದಲ್ಲಿ ಶಿವರಾಜಪ್ಪನವರ ಝೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ ಇದೆ. ಪ್ರತಿ ರವಿವಾರ ಬೆಳಿಗ್ಗೆ ನಮ್ಮ ಫೋಟೋ ಬಳಗ ಅಲ್ಲಿ ಸೇರುತ್ತದೆ. ಒಂಬತ್ತು ಜನ. ಎಲ್ಲರೂ ಹವ್ಯಾಸಿಗಳು, ಎಲ್ಲರೂ ಒಳಗೊಳಗೇ ಉಸ್ತಾದರು. ಬೀದರ ಕೋಟೆಯ ಹಿಂದೆ ಸೂರ್ಯನನ್ನು ನಾವು ಇಲ್ಲಿಯವರೆಗೆ ನಾಲ್ಕು ಸಾವಿರ ಸಲವಾದರೂ ಮುಳುಗಿಸಿರಬೇಕು.

ನಮ್ಮಲ್ಲಿ ನಿಜವಾಗಿ ಫೋಟೋ ತೆಗೆದು ಹೊಟ್ಟೆ ಹೊರೆದವರು ಒಬ್ಬರೇ, ಚಿದ್ರಿಯ ಶರಫೋದ್ದೀನ ಭಾಯಿ. ವಯಸ್ಸು ಎಪ್ಪತ್ನಾಲ್ಕು. ಭಾಲ್ಕಿಯ ಸ್ಟೇಶನ್ ರಸ್ತೆಯಲ್ಲಿ ಮೂರು ದಶಕ ಅವರ ಸ್ಟುಡಿಯೋ ಇತ್ತು. ಹತ್ತನೆಯ ತರಗತಿಯ ಹಾಲ್ ಟಿಕೆಟ್ಟಿಗಾಗಿ ನಾನೂ ಅಲ್ಲಿ ಸ್ಟೂಲಿನ ಮೇಲೆ ಕೂತವನು. ಹಿಂದೆ ಬಣ್ಣದ ಪರದೆ: ಕೆರೆ, ಚಂದ್ರ, ಎರಡು ಬಾತುಕೋಳಿ. ಮಡಚಿ ಮಡಚಿ ಒಂದು ಬಾತುಕೋಳಿಯ ಕುತ್ತಿಗೆ ಹರಿದಿತ್ತು. ಕನ್ನಡಿಯ ಪಕ್ಕ ದಾರಕ್ಕೆ ಕಟ್ಟಿದ ಬಾಚಣಿಕೆ, ಪೌಡರ್ ಡಬ್ಬಿ, ಗೂಟಕ್ಕೆ ಒಂದು ಕರಿ ಕೋಟು. ಆ ಒಂದೇ ಕೋಟು ತೊಟ್ಟು ಭಾಲ್ಕಿ ತಾಲೂಕಿನ ಅರ್ಧದಷ್ಟು ವರರ ಫೋಟೋ ಹೆಣ್ಣಿನ ಮನೆಗೆ ಹೋಗಿವೆ. ಕೆಲವರಿಗೆ ತೋಳು ಮೊಣಕೈಗೆ ಬರುತ್ತಿತ್ತು, ಕೆಲವರಿಗೆ ಬೆರಳೂ ಕಾಣುತ್ತಿರಲಿಲ್ಲ. "ಗದ್ದ ಮ್ಯಾಲ ಮಾಡ್ರಿ, ಉಸಿರು ಹಿಡೀರಿ" ಎಂದು ಭಾಯಿ ಕರಿ ಬಟ್ಟೆಯೊಳಗೆ ತಲೆ ಹಾಕುತ್ತಿದ್ದರು. ಅವರು ಹೊರಗೆ ಬರುವಷ್ಟರಲ್ಲಿ ಉಸಿರು ಹಿಡಿದವನ ಕಣ್ಣು ಹೊರಗೆ ಬಂದಿರುತ್ತಿದ್ದವು. ನನ್ನ ಹಾಲ್ ಟಿಕೆಟ್ಟೇ ಅದಕ್ಕೆ ಸಾಕ್ಷಿ.

ಬಳಗದ ಎರಡು ನಿಯಮಗಳೂ ಭಾಯಿ ಮಾಡಿದವು. ಮೊದಲನೆಯದು, ಯಾವ ಫೋಟೋ ಆದರೂ ಹಲಗೆಯ ಮೇಲೆ ತಲೆಕೆಳಗಾಗಿ ಅಂಟಿಸಬೇಕು. ಅವರ ಹಳೆಯ ದೊಡ್ಡ ಕ್ಯಾಮೆರಾದ ಗಾಜಿನ ಮೇಲೆ ಜನ ತಲೆಕೆಳಗಾಗಿಯೇ ಮೂಡುತ್ತಿದ್ದರಂತೆ. "ನೆಟ್ಟಗ ಇಟ್ರ ಮಂದಿ ಮಾರಿ ನೋಡ್ತಾರ, ಪರಿಚಯ ನೋಡ್ತಾರ. ಉಲ್ಟಾ ಇಟ್ರ ಫೋಟೋ ನೋಡ್ತಾರ" ಎನ್ನುತ್ತಾರೆ. ಎಲ್ಲರೂ ಮೊದಲು ಯಾವುದು ಇರಲಿ ಎಂದು ಹೇಳಬೇಕು, ಆಮೇಲೆ ಯಾವುದು ಹೋಗಲಿ ಎಂದು. ಆರಂಭ ಯಾವಾಗಲೂ ಭಾಯಿಯದೇ. ಎರಡನೆಯ ನಿಯಮ ಇನ್ನೂ ಕಠಿಣ: ಎಲ್ಲರೂ ಹೇಳಿ ಮುಗಿಸುವವರೆಗೆ ಫೋಟೋ ತೆಗೆದವರು ಬಾಯಿ ಬಿಡುವಂತಿಲ್ಲ.

ನಾನು ಬಳಗಕ್ಕೆ ಸೇರಿದ ಹೊಸದರಲ್ಲಿ ಊರ ನಡುವಿನ ಹಳೆಯ ಗೋಪುರ ಚೌಬಾರದ ಒಂದು ಫೋಟೋ ತಂದಿದ್ದೆ. ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದವನು, ಫೋಟೋದ ಜೊತೆಗೆ ಹನ್ನೊಂದು ನಿಮಿಷದ ವಿವರಣೆಯನ್ನೂ ಸಿದ್ಧ ಮಾಡಿಕೊಂಡಿದ್ದೆ. ಭಾಯಿ ಕನ್ನಡಕ ಏರಿಸಿ ನೋಡಿದರು.

"ಆಕಾಶ ಇರ್ಲಿ. ಭಾಳ ಛಲೋ ಬಂದದ" ಎಂದರು. ನಾನು ಬೀಗಿದೆ. "ಆದ್ರ ಆಕಾಶ ನೀವ್ ಮಾಡಿದ್ದಲ್ರಿ ಸರ್."

ಹನ್ನೊಂದು ನಿಮಿಷದ ಭಾಷಣವನ್ನು ಚಹಾದ ಜೊತೆ ನುಂಗಿದೆ. ಅದು ಇನ್ನೂ ಪೂರ್ತಿ ಇಳಿದಿಲ್ಲ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ರವಿವಾರ ಪ್ರಣಿತಾ ಹಳೆಯ ಫೋಟೋ ಒಂದನ್ನು ತಂದಳು. ಔರಾದದ ಹುಡುಗಿ, ಬೀದರದಲ್ಲಿ ನರ್ಸಿಂಗ್ ಓದುತ್ತಾಳೆ, ಬಳಗದಲ್ಲಿ ಎಲ್ಲರಿಗಿಂತ ಚಿಕ್ಕವಳು. ಮನೆಯ ಗೋಡೆಯ ಮೇಲೆ ಕಟ್ಟುಹಾಕಿಸಿದ್ದ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು, ಕೆಳಗೆ ಶಿವರಾಜಪ್ಪನವರ ಅಂಗಡಿಯಲ್ಲೇ ದೊಡ್ಡದು ಮಾಡಿಸಿದ್ದಳು. ನಿಯಮದಂತೆ ತಲೆಕೆಳಗಾಗಿ ಅಂಟಿಸಿದಳು.

ರುಮಾಲು ಸುತ್ತಿದ ಗಂಡಸು, ಪಕ್ಕದಲ್ಲಿ ಲಂಗ ತೊಟ್ಟ ಹುಡುಗಿ. ಸುತ್ತಲೂ ಹಾಲು ಸುರಿದಂತೆ ಬಿಳುಪು. ಆ ಬಿಳುಪಿನೊಳಗಿಂದ ಒಂದು ಕೈ, ಬರೀ ಕೈ, ಹೊರಬಂದು ಹುಡುಗಿಯ ಭುಜದ ಮೇಲೆ ಕೂತಿತ್ತು. ಬಳೆ ಇದ್ದವು, ಮಣಿಕಟ್ಟಿನ ಮೇಲೆ ಹಚ್ಚೆ ಇತ್ತು. ಅದರಾಚೆ ಏನೂ ಇರಲಿಲ್ಲ.

ಭಾಯಿ ಆರಂಭಿಸಲಿ ಎಂದು ಎಲ್ಲರೂ ಕಾದೆವು. ಅವರು ಹಲಗೆಯನ್ನೇ ನೋಡುತ್ತ ಕೂತಿದ್ದರು. ಕೊನೆಗೆ ಶಿವರಾಜಪ್ಪನವರೇ ಕೇಳಿದರು, "ಈ ಕೈ ಯಾರ್ದವ್ವಾ?"

"ನಮ್ಮಜ್ಜೀದ್ರಿ" ಎಂದಳು ಪ್ರಣಿತಾ, ಫೋಟೋ ನೆಟ್ಟಗೆ ಮಾಡುತ್ತ. "ಇವ್ರು ಅಜ್ಜ, ಪಂಢರಿ ಅಂತ. ಈಕಿ ನಮ್ಮವ್ವ, ಆರು ವರ್ಷದಾಕಿ. ಅವ್ವಗ ಎಂಟು ಆದಾಗ ಅಜ್ಜಿ ತೀರ್ಕೊಂಡ್ಳು. ಬ್ಯಾರೆ ಫೋಟೋನೇ ಇಲ್ರಿ. ಮಾರಿ ಹ್ಯಾಂಗಿತ್ತು ನೆನಪಿಲ್ಲ ಅಂತಾಳ ಅವ್ವ. ದಿನಾ ಮುಂಜಾನಿ ಈ ಕೈ ನೋಡ್ತಾಳ. ಕಂಪ್ಯೂಟರದಾಗ ಏನರ ಮಾಡ್ಲಾಕ ಬರ್ತದೇನು ಅಂತ ಕೇಳ್ಲಾಕ ತಂದೀನ್ರಿ."

ಕಂಪ್ಯೂಟರಿನಲ್ಲಿ ಏನೂ ಬರುವಂತಿರಲಿಲ್ಲ. ಇಲ್ಲದ ಮುಖವನ್ನು ಅದು ಎಲ್ಲಿಂದ ತರಬೇಕು, ಇನ್ನಾರದೋ ಮುಖ ತಂದು ಕೂಡಿಸೀತು. ಏನೂ ಬಾರದಿದ್ದಾಗ ಉಪನ್ಯಾಸಕನಾದವನು ಮಾಡುವುದನ್ನೇ ನಾನು ಮಾಡಿದೆ. ಎದ್ದು ನಿಂತು ಟೀಕೆಗೆ ಇಳಿದೆ.

"ಇದನ್ನ ತೆಗ್ದಾವ ಫೋಟೋಗ್ರಾಫರ್ ಅಲ್ಲ, ದರ್ಜಿ ಆಗಬೇಕಾಗಿತ್ತು. ಜೀವಂತ ಮನಷ್ಯಾಳನ್ನ ಚಿಂದಿ ಕತ್ತರಿಸಿದಂಗ ಕತ್ತರಿಸ್ಯಾನ. ಕಣ್ಣಿಲ್ಲ, ಕರುಳಿಲ್ಲ, ಬರೀ ಶೋಕಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಚೌಬಾರದ ಹನ್ನೊಂದು ನಿಮಿಷ ಇನ್ನೂ ಗಂಟಲಲ್ಲೇ ಇದ್ದವಲ್ಲ, ಎಲ್ಲ ಅಂದು ಹೊರಬಂದವು. ಮುಗಿಸಿ, ಬೆವರು ಒರೆಸಿಕೊಂಡು, "ಭಾಯಿ, ನೀವ್ ಏನೂ ಅನ್ಲಿಲ್ಲ" ಎಂದೆ.

"ತೆಗ್ದಾವ ಬಾಯಿ ಬಿಡಂಗಿಲ್ಲಲ್ರಿ ಸರ್" ಎಂದರು ಶರಫೋದ್ದೀನ ಭಾಯಿ.

ನಾನು ಕೂತೆ. ಎಲ್ಲಿ ಕೂತೆ ಎಂಬುದು ನೆನಪಿಲ್ಲ.

"ಎಲ್ರದು ಮುಗೀತೇನ್ರಿ? ಈಗ ನಾ ಮಾತಾಡ್ಬೌದಾ?" ಎಂದು ಕೇಳಿ, ಒಪ್ಪಿಗೆ ಪಡೆದೇ ಭಾಯಿ ಮಾತು ಶುರುಮಾಡಿದರು. "ಔರಾದಕ್ಕ ಬಸ್ಸಿನ್ಯಾಗ ಕ್ಯಾಮೆರಾ ಹೊತ್ಕೊಂಡು ಹೋಗಿದ್ದೆ. ಅಪ್ಪ ಮಗಳದೇ ಫೋಟೋ ಬೇಕಾಗಿತ್ತು. ಕೂಸು ಅಲುಗಾಡ್ತಿತ್ತು, ಹಂಗಾಗಿ ತಾಯಿ ಬಂದು ಭುಜ ಹಿಡಿದ್ಳು. ನಂಗ ಆವಾಗ ಮೂವತ್ತು ವರ್ಷ, ನಾ ಭಾಳ ದೊಡ್ಡ ಕಲಾಕಾರ ಇದ್ದೆ ಬೇಟಾ. ಹಿಂದಿನ ಗ್ವಾಡಿ, ಬಕೇಟು, ಅಂಚಿನ್ಯಾಗಿನ ಹೆಣ್ಮಗಳು, ಎಲ್ಲಾ ಅಡ್ಡ ಅನಿಸ್ತು. ನೆಗೆಟಿವ್ ಮ್ಯಾಲ ಕೆಂಪು ಬಣ್ಣ ಹಚ್ಚಿ ಮುಚ್ಚಿಬಿಟ್ಟೆ. ಬಣ್ಣ ಹಚ್ಚಿದಲ್ಲಿ ಬೆಳಕು ದಾಟಂಗಿಲ್ಲ, ಫೋಟೋದಾಗ ಬೆಳ್ಳಗ ಬರ್ತದ. ಕೈ ಮುಚ್ಚಿದ್ರ ಕೂಸಿನ ಭುಜಾನೂ ಹೋಗ್ತದ ಅಂತ ಕೈ ಬಿಟ್ಟೆ."

"ಅಜ್ಜ ಏನೂ ಅನ್ಲಿಲ್ಲೇನ್ರಿ ಚಾಚಾ?" ಪ್ರಣಿತಾ ಕೇಳಿದಳು.

"ಅಂದಿದ್ರು. 'ಇಕಿ ಎಲ್ಲಿ ಹೋದ್ಳ್ರಿ ಸಾಹೇಬ್ರ' ಅಂತ ಭಾಲ್ಕಿ ತನಕ ಬಂದು ಕೇಳಿದ್ರು. ಅವ್ರನ್ನ ಕೂಡಿಸಿ, ಫೋಟೋ ಅಂದ್ರ ಏನು ಅಂತ ಅರ್ಧಾ ತಾಸು ಹೇಳಿದೆ. ಪಾಪ, ಕೈ ಮುಗಿದು ಹೋದ್ರು." ಭಾಯಿ ಕನ್ನಡಕ ತೆಗೆದು ಒರೆಸಿದರು. "ಆ ಅರ್ಧಾ ತಾಸು ಸುಮ್ಕ ಕುಂತಿದ್ರ ಸಾಕಾಗಿತ್ತು."

ಎರಡನೆಯ ನಿಯಮ ಎಲ್ಲಿಂದ ಬಂತು ಎಂದು ಅಂದು ತಿಳಿಯಿತು.

ಮುಂದಿನ ಐದು ದಿನ ಚಿದ್ರಿಯ ಅವರ ಮನೆಯಲ್ಲಿ ಹಳೆಯ ಬಿಸ್ಕೀಟು ಡಬ್ಬಿಗಳೆಲ್ಲ ಕೆಳಗಿಳಿದವು. ಮೂವತ್ತು ವರ್ಷದ ನೆಗೆಟಿವ್‌ಗಳು ಅವುಗಳಲ್ಲಿದ್ದವು. ಡಬ್ಬಿಗಳನ್ನು ಹಳೆ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕೆಂದು ಹದಿನೈದು ವರ್ಷದಿಂದ ಹೇಳುತ್ತಿದ್ದ ಅವರ ಬೇಗಂ ವಜೀರಬೀ, ಈಗ ತಾವೇ ಬಾಗಿಲ ಬೆಳಕಿಗೆ ಒಂದೊಂದನ್ನೇ ಹಿಡಿದು ನೋಡಿದರಂತೆ. ಶುಕ್ರವಾರ ಅವರಿಗೇ ಅದು ಸಿಕ್ಕಿತು. ಅಂಗೈಯಗಲದ ನೆಗೆಟಿವ್, ಮುಕ್ಕಾಲು ಭಾಗ ಇಟ್ಟಿಗೆಯಂಥ ಕೆಂಪು ಬಣ್ಣ.

ರವಿವಾರ ಔರಾದದಿಂದ ಅನುಸೂಯಾಬಾಯಿ ಬಸ್ಸಿನಲ್ಲಿ ಬಂದರು. ಪ್ರಣಿತಾಳ ತಾಯಿ, ಐವತ್ತರ ಹತ್ತಿರದವರು, ಅಂಗನವಾಡಿಯ ಟೀಚರ್. ಭಾಯಿ ನೆಗೆಟಿವ್ ಅವರ ಕೈಗೆ ಕೊಟ್ಟರು.

"ಬಣ್ಣ ನೀರಿಗಿ ಹೋಗ್ತದವ್ವಾ. ಆದ್ರ ಫಿಲಂ ನಲವತ್ತು ವರ್ಷ ಮ್ಯಾಲಿಂದು. ಬಣ್ಣದ ಜೋಡಿ ಮಾರಿನೂ ಎದ್ದು ಬಂದ್ರ ನನ್ನ ಕೈಯಾಗ ಏನೂ ಇಲ್ಲ. ತೊಳೀಲೋ ಬ್ಯಾಡೋ, ನೀವ್ ಹೇಳ್ರಿ."

"ತೊಳೀದಿದ್ರ ಕಾಣಸ್ತಾಳೇನ್ರಿ?"

"ಇಲ್ಲ."

"ಮತ್ತ ತೊಳೀರಿ" ಎಂದು ಅನುಸೂಯಾಬಾಯಿ ನೆಗೆಟಿವ್ ವಾಪಸು ಕೊಟ್ಟರು. "ಕೈ ಅಂತೂ ಮನ್ಯಾಗ ಅದ."

ಕಾಸಿ ಆರಿಸಿದ ನೀರು, ಬಿಳಿ ತಾಟು, ಹತ್ತಿ. ನಾವು ಸಹಾಯ ಎಂಬ ಹೆಸರಿನಲ್ಲಿ ಸುತ್ತಲೂ ನಿಂತು ಬೆಳಕಿಗೆ ಅಡ್ಡವಾದೆವು. "ಮಂದಿ ಸರೀರಿ" ಎಂದು ಶಿವರಾಜಪ್ಪನವರು ನನ್ನೊಬ್ಬನನ್ನೇ ನೋಡಿ ಹೇಳಿದರು. ಕರಿ ಕೋಟು ತೊಡಿಸಿ ತಾಲೂಕಿಗೆ ತಾಲೂಕನ್ನೇ ಅಲುಗದಂತೆ ಕೂಡಿಸಿದ ಕೈ ಈಗ ಹತ್ತಿ ಹಿಡಿಯಿತು. ಭಾಯಿ ಅಂಚಿನಿಂದ ಶುರುಮಾಡಿದರು. ನೀರು ತಿಳಿಗೆಂಪಾಯಿತು. ಮೊದಲು ಗೋಡೆ ಬಂತು, ಆಮೇಲೆ ಬಕೇಟು. ಸೀರೆಯ ಅಂಚಿನ ಹತ್ತಿರ ಫಿಲಂನ ಸಿಪ್ಪೆ ಉಗುರಗಲ ಎದ್ದು ಹತ್ತಿಗೆ ಅಂಟಿತು. ಭಾಯಿಯ ಕೈ ನಿಂತಿತು.

"ಸೀರಿ ಹೋದ್ರ ಹೋಗ್ಲಿ" ಎಂದರು ಅನುಸೂಯಾಬಾಯಿ, ಹಿಂದಿನಿಂದ. "ಮ್ಯಾಲ ಹೋಗ್ರಿ."

ಭಾಯಿ ಹತ್ತಿ ಬದಲಿಸಿ ಮೇಲೆ ಹೋದರು.

ಫಿಲಂ ಒಣಗಿದ ಮೇಲೆ ಕಿಟಕಿಯ ಗಾಜಿಗೆ ಹಿಡಿದರು. ನೆಗೆಟಿವ್ ಅಲ್ಲವೇ, ಕಪ್ಪು ಮುಖ, ಬಿಳಿ ಕೂದಲು. ಅನುಸೂಯಾಬಾಯಿಗೆ ಗುರುತು ಹತ್ತಲಿಲ್ಲ. ನಾನು ಮೊಬೈಲಿನಲ್ಲಿ ಹಿಡಿದು ಕಪ್ಪು ಬಿಳಿ ತಿರುವುಮುರುವು ಮಾಡಿಕೊಟ್ಟೆ. ಬಳಗಕ್ಕೆ ಇಷ್ಟು ವರ್ಷದಲ್ಲಿ ನನ್ನಿಂದಾದ ಸೇವೆ ಅದೊಂದೇ. ಶಿವರಾಜಪ್ಪನವರು ಕೆಳಗೆ ಓಡಿ ದೊಡ್ಡ ಪ್ರಿಂಟು ತಂದರು. ಭಾಯಿ ಅದನ್ನು ಹಲಗೆಗೆ ಅಂಟಿಸಿದರು, ತಲೆಕೆಳಗಾಗಿ, ಮತ್ತು ಮೂಲೆಯ ಕುರ್ಚಿಗೆ ಹೋಗಿ ಬಾಯಿ ಮುಚ್ಚಿ ಕೂತರು.

ಅನುಸೂಯಾಬಾಯಿ ನಿಯಮ ಗೊತ್ತಿಲ್ಲದವರು, ಎದ್ದು ಹೋಗಿ ಫೋಟೋ ಕಿತ್ತು ನೆಟ್ಟಗೆ ಹಿಡಿದುಕೊಂಡರು. ಇಪ್ಪತ್ತೈದರ ಹೆಣ್ಣುಮಗಳು. ಸೀರೆಯ ಮೇಲೆ ಉಗುರಗಲದ ಕಲೆ. ಉದ್ದ ಮೂಗು, ಅಗಲ ಹಣೆ. ಅನುಸೂಯಾಬಾಯಿ ಒಮ್ಮೆ ಫೋಟೋ ನೋಡಿದರು, ಒಮ್ಮೆ ಪ್ರಣಿತಾಳ ಮೂಗು ನೋಡಿದರು. ಆಮೇಲೆ ಒಂದು ತಪ್ಪು ಹುಡುಕಿದರು.

"ನಮ್ಮವ್ವ ಕ್ಯಾಮೆರಾ ನೋಡಿಲ್ಲಲ್ರಿ."

ನಿಜ. ಬಳಗದ ಲೆಕ್ಕದಲ್ಲಿ ಅದು ದೊಡ್ಡ ದೋಷವೇ. ನಾನು ಬಾಯಿ ತೆರೆಯುವವನಿದ್ದೆ, ಪ್ರಣಿತಾ ಚಹಾದ ಕಪ್ಪು ಕೈಗಿಟ್ಟಳು. ನಿಯಮ ಮುರಿದವರು ಭಾಯಿಯೇ.

"ನಿಮ್ಮನ್ನ ನೋಡ್ಲಾಕತ್ತಾರವ್ವಾ" ಎಂದರು. "ಅಲುಗಾಡ್ತೀರೋ ಏನು ಅಂತ."

ಔರಾದದ ಬಸ್ಸು ಮೂರೂವರೆಗೆ. ಅನುಸೂಯಾಬಾಯಿ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟಾಗ ಶಿವರಾಜಪ್ಪನವರು, ಅಂಚು ಕತ್ತರಿಸಿ ನೀಟಾಗಿ ಮಾಡಿಕೊಡಲೇ, ಬಕೇಟು ಅಡ್ಡ ಬಂದಿದೆ ಎಂದು ಕೇಳಿದರು.

"ಬಕೇಟು ಇರ್ಲಿ" ಎಂದರು ಅನುಸೂಯಾಬಾಯಿ.