ಕೌದಿಯ ಹೊಟ್ಟೆಯೊಳಗಿನ ಸೀರೆ

ವಾಷಿಂಗ್ ಮೆಶಿನ್ನಿನ ಬಾಗಿಲು ತೆಗೆದಾಗ ಆ ವಾಸನೆ ಬಂತು. ಹಳೆಯ ನೂಲು ನೆನೆದಾಗ ಬರುವ, ಅನ್ನ ಬಸಿದ ಗಂಜಿಯಂಥ ವಾಸನೆ. ಮಗಳು ಕೂಸಾಗಿದ್ದಾಗಿನ ಕೌದಿಯ ಒಂದು ಮೂಲೆ ಹರಿದುಹೋಗಿತ್ತು. ಹರಿದ ಕಡೆಯಿಂದ ಮಾಸಲು ನೀಲಿ ಬಟ್ಟೆ ಇಣುಕುತ್ತಿತ್ತು. ತಿರುವನಂತಪುರದ ಉಳ್ಳೂರಿನ ಈ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅದನ್ನು ಹಿಡಿದು ನಿಂತವಳಿಗೆ ಚಿಗವ್ವ ನೆನಪಾದಳು. ನನ್ನ ಅವ್ವನ ತಂಗಿ. ನೆನಪಾದಳು ಅನ್ನುವುದೂ ತಪ್ಪೇ, ಮರೆತಿದ್ದರೆ ತಾನೆ...

ಮಗಳು ಹುಟ್ಟಿದಾಗ ನಾವು ಕೊಚ್ಚಿಯಲ್ಲಿದ್ದೆವು, ಕಲೂರ್ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಮನೆಯಲ್ಲಿ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷವಾಗಿತ್ತು. ಗಂಡ ಹೆಂಡತಿ ಇಬ್ಬರೂ ಬ್ಯಾಂಕಿನವರು. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುವ ಹಾಗೆ ನಾನು ಎರಡು ಪುಟ್ಟ ರಜಾಯಿ ಕೊಂಡಿಟ್ಟಿದ್ದೆ. ಒಂದರೊಳಗೆ ಪಾಲಿಯೆಸ್ಟರ್, ಇನ್ನೊಂದರೊಳಗೆ ಅರಳೆ. ಪಾಲಿಯೆಸ್ಟರಿನದು ಬೇಗ ಒಣಗುತ್ತಿತ್ತು, ಆದರೆ ಆ ಸೆಕೆಗೆ ಕೂಸಿನ ಬೆನ್ನೆಲ್ಲ ಬೆವರುಸಾಲೆ. ಅರಳೆಯದು ಮೆತ್ತಗಿತ್ತು, ನಾಲ್ಕು ಸಲ ಒಗೆಯುವುದರೊಳಗೆ ಅರಳೆಯೆಲ್ಲ ಒಂದು ಮೂಲೆಗೆ ಸೇರಿ ಕಡುಬಿನಂತೆ ಗಂಟಾಯಿತು. ಜೂನ್ ಮಳೆಯಲ್ಲಿ ಅದು ಒಣಗಿದ್ದನ್ನು ನಾನು ನೋಡಲೇ ಇಲ್ಲ. ಕೂಸಿಗೆ ಇದೆಲ್ಲ ಗೊತ್ತೇ? ಅದು ತನ್ನ ಪಾಡಿಗೆ ಒದ್ದೆ ಮಾಡುತ್ತಿತ್ತು.

ಅವ್ವ ತೀರಿಹೋಗಿದ್ದರಿಂದ ಬಾಣಂತನಕ್ಕೆ ಧಾರವಾಡದ ಕಡೆಯಿಂದ ಚಿಗವ್ವ ಬಂದಿದ್ದಳು. ಇಪ್ಪತ್ತರ ಆಸುಪಾಸಿಗೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿರಲಿಲ್ಲ. ನಮ್ಮೂರಿನ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಕೌದಿ ಹೊಲಿಯಲು ಅವಳೇ ಬೇಕು. ಆದರೆ ಕೌದಿಯೊಳಗೆ ತುಂಬುವ ಹಳೆಯ ಸೀರೆ ಮಾತ್ರ ಮುತ್ತೈದೆಯದೇ ಆಗಬೇಕು, ಅದೂ ಮಕ್ಕಳೊಂದಿಗಳದು. ಚಿಗವ್ವನ ಕೈ ನಡೆಯುತ್ತಿತ್ತು, ಸೀರೆ ನಡೆಯುತ್ತಿರಲಿಲ್ಲ! ಕೌದಿ ಹೊಲಿದುಕೊಟ್ಟವಳು ತೊಟ್ಟಿಲ ದಿನ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದುದನ್ನು ಕಂಡೇ ನಾನು ಬೆಳೆದೆ. ಆಗಲೂ ನನಗೆ ಮೈ ಉರಿಯುತ್ತಿತ್ತು, ಈಗಲೂ ಉರಿಯುತ್ತದೆ.

ಗಂಟುಗಟ್ಟಿದ ರಜಾಯಿಯನ್ನು ಚಿಗವ್ವ ಹಿಸುಕಿ ನೋಡಿ ಮೂಲೆಗೆಸೆದಳು. "ದಿನಾ ಒಗಿಯೂದಕ್ಕ ಅರಳಿ ನಿಂದರ್ತೈತೇನವ್ವಾ? ಒಂದ ಹಳೀ ಸೀರಿ ಕೊಡು" ಎಂದಳು.

ಕೊಡಲು ನನ್ನ ಹತ್ತಿರ ಏನಿತ್ತು? ಬ್ಯಾಂಕಿಗೆ ಉಡುವ ಸಿಂಥೆಟಿಕ್ ಸೀರೆಗಳು. ನೀರು ಹೀರದ ಬಟ್ಟೆ ಕೂಸಿಗೆ ಯಾತಕ್ಕೆ? ಮನೆಯಲ್ಲಿದ್ದ ಮೆತ್ತನೆಯ ಹಳೆಯ ನೂಲೆಂದರೆ ಚಿಗವ್ವನ ಚೀಲದೊಳಗಿನ ನೀಲಿ ಸೀರೆ ಒಂದೇ. ನಾನು ಅದನ್ನೇ ತಂದು ಅವಳ ಮಡಿಲಿಗೆ ಹಾಕಿದೆ. ಚಿಗವ್ವ ಬಹಳ ಹೊತ್ತು ಅದನ್ನು ನೇವರಿಸುತ್ತ ಕೂತಳು...

"ಪೂರಾ ಸೀರಿನ?" ಎಂದು ಕೇಳಿದಳು.

"ಪೂರಾ" ಎಂದೆ. ಆ ಪ್ರಶ್ನೆ ಯಾಕೆ ಬಂತೆಂದು ಆಗ ನನಗೆ ತಿಳಿಯಲಿಲ್ಲ.

ಪರ್ರನೆ ಹರಿದಳು. ಪದರ ಪದರವಾಗಿ ಹಾಸಿ, ಮೇಲೆ ಹಳದಿ ಹೂವಿನ ಬಟ್ಟೆ ಹಾಕಿ, ಬೆರಳಗಲಕ್ಕೊಂದು ಸಾಲು ಹೊಲಿಗೆ ಹಾಕಿದಳು. ಎಷ್ಟು ಒಗೆದರೂ ಒಳಗಿನದು ಅಲುಗುತ್ತಿರಲಿಲ್ಲ. ಬೆಳಿಗ್ಗೆ ಹಿಂಡಿ ಫ್ಯಾನಿನ ಕೆಳಗೆ ಹರವಿದರೆ ಮಧ್ಯಾಹ್ನದ ನಿದ್ದೆಗೆ ಸಿದ್ಧ. ಕೂಸಿನ ಬೆನ್ನೂ ತಿಳಿಯಾಯಿತು.

ತೊಟ್ಟಿಲ ಹಿಂದಿನ ದಿನ ಅತ್ತೆ ಬಂದರು. ಅವರೂ ನಮ್ಮೂರಿನವರೇ. ಕೌದಿ ಎತ್ತಿ ನೋಡಿ, "ಚೊಲೋ ಆಗೇತಿ. ಒಳಗ ಯಾರ ಸೀರಿ ಹಾಕೀರಿ?" ಎಂದರು. ಸುಳ್ಳು ಹೇಳಬಹುದಿತ್ತು. ಯಾಕೆ ಹೇಳಲಿ?

"ಚಿಗವ್ವಂದ್ರಿ" ಎಂದೆ.

ಅತ್ತೆ ಕೌದಿಯನ್ನು ಕೆಳಗೆ ಹಾಕಿಬಿಟ್ಟರು. "ಬುದ್ಧಿ ಐತೇನ ನಿನಗ? ಮದಲ ಬಿಚ್ಚಿ ತಗೀರಿ. ನನ್ನ ಮೊಮ್ಮಗಳಿಗೆ ಏನರೆ ಆದರ?"

"ಬಿಚ್ಚೂದಿಲ್ರಿ ಅತ್ತಿ."

"ಹಂಗಾರ ನಾಳೆ ತೊಟ್ಟಲಕ್ಕ ನಾ ನಿಂದ್ರೂದಿಲ್ಲ."

ಜನ್ಮದಲ್ಲಿ ದನಿ ಎತ್ತದ ಚಿಗವ್ವ ಆಗ ಎದ್ದು ನಿಂತಳು. "ಅಕ್ಕಾರ, ನಿಮ್ಮ ಮಗನ ಕೌದಿ ಹೊಲದವರು ಯಾರ್ರಿ? ನಾನ. ಅದರ ಹೊಟ್ಟ್ಯಾಗ ನಿಮ್ಮ ಸೀರಿ ಜೋಡಿ ನನ್ನ ಸೀರಿದೂ ಒಂದ ಗೇಣ ಐತ್ರಿ. ನಿಮ್ಮದಷ್ಟ ಅಲ್ಲ, ಊರಾಗ ನಾ ಹೊಲದ ಒಂದ ಕೌದಿನೂ ಬಿಟ್ಟಿಲ್ಲ. ಏನಾತ್ರಿ ನಿಮ್ಮ ಮಗಗ? ಬ್ಯಾಂಕಿನ್ಯಾಗ ಆಫೀಸರ್ ಆಗ್ಯಾನ!"

ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ತನ್ನ ಮೈಯನ್ನೇ ಒಮ್ಮೆ ನೋಡಿಕೊಂಡ. ಒಳ್ಳೆ ಗುಂಡುಗುಂಡಾಗಿದ್ದ, ದೇವರ ದಯೆ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಚಿಗವ್ವ ಕೆಳಗೆ ಬಿದ್ದ ಕೌದಿಯನ್ನು ಎತ್ತಿ ಕೊಡವಿ ಮಡಚತೊಡಗಿದಳು. ಅಷ್ಟು ವರ್ಷ ಊರಿಗೆ ಊರನ್ನೇ ತನ್ನ ಸೀರೆಯ ಮೇಲೆ ಮಲಗಿಸಿ ಬೆಳೆಸಿದವಳು, ಒಬ್ಬರಿಗೂ ಹೇಳದೆ...

ಅತ್ತೆ ಮಗನನ್ನೊಮ್ಮೆ, ಕೌದಿಯನ್ನೊಮ್ಮೆ ನೋಡಿದರು. "ಆತು. ಊರಾಗ ಮಾತ್ರ ಯಾರ ಮುಂದೂ ಹೇಳಬ್ಯಾಡ್ರಿ" ಎಂದರು. ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕಲು ನಾನು ಚಿಗವ್ವನ ಕೈಗೇ ಕೊಟ್ಟೆ. ಅತ್ತೆ ಮುಖ ತಿರುಗಿಸಿದರು, ಎದ್ದು ಹೋಗಲಿಲ್ಲ.

ಚಿಗವ್ವ ತೀರಿಹೋಗಿ ಕೆಲವು ವರ್ಷವಾಯಿತು. ತಿರುವನಂತಪುರದಿಂದ ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು. ಅವಳ ಸೀರೆಗಳನ್ನೆಲ್ಲ ಗಂಟು ಕಟ್ಟಿ ಸುಟ್ಟಿದ್ದರು. ಅಂಥವಳ ಸೀರೆ ಯಾರಿಗೆ ಬೇಕು ಅಂದರು. ಅಂದವರೂ ಅವಳು ಹೊಲಿದ ಕೌದಿಯ ಮೇಲೆ ಮಲಗಿ ಬೆಳೆದವರೇ! ಒಂದು ಚೂರನ್ನಾದರೂ ನನಗೆಂದು ಇಡಬಾರದಿತ್ತೇ... ಅಲ್ಲೇ ಬೀದಿಯಲ್ಲಿ ನಿಂತು ನಾನು ಅತ್ತುಬಿಟ್ಟೆ.

ಹರಿದ ಕೌದಿ ನನ್ನ ಕೈಯಲ್ಲಿರುವುದನ್ನು ಕಂಡು ಮಗಳು ಒಳಗಿನಿಂದ ಓಡಿಬಂದಳು. "ಅಮ್ಮೇ, ಕಳಯಲ್ಲೇ!" ಎಂದು ಮಲಯಾಳದಲ್ಲೇ ಕೂಗಿದಳು, ಎಸೆಯಬೇಡ ಎಂದು. ಮುಂದಿನ ವಾರ ಕೊಚ್ಚಿಯ ಹಾಸ್ಟೆಲ್ಲಿಗೆ ಹೊರಟವಳು, ಇದಿಲ್ಲದೆ ನಿದ್ದೆ ಬಾರದಂತೆ.

"ಎಸೆಯುವವರು ಯಾರೇ?" ಎಂದು ಸೂಜಿ ದಾರ ತಂದು ಕೂತೆ. ಇಣುಕಿದ ನೀಲಿಯನ್ನು ಒಳಗೆ ತುರುಕಲಿಲ್ಲ. ನಾಲ್ಕು ಸಾಲು ಹೊಲಿಗೆ ಬಿಚ್ಚಿ, ಒಂದು ಗೇಣು ಹೊರಗೆಳೆದು, ಹರಿದ ಹಳದಿಯ ಮೇಲೆ ಮಡಚಿ ಕೆಂಪು ದಾರದಲ್ಲಿ ಹೊಲಿದೆ. ಹೇಳಬ್ಯಾಡ್ರಿ ಎಂದ ಅತ್ತೆಯೂ ಈಗ ಇಲ್ಲ. ಇದ್ದಿದ್ದರೂ ಹೇಳುತ್ತಿದ್ದೆ. ಹಾಸ್ಟೆಲ್ಲಿನಲ್ಲಿ ಯಾರಾದರೂ ಇದು ಯಾರ ಸೀರೆ ಎಂದು ಕೇಳಿದರೆ, ನಮ್ಮ ಅಜ್ಜಿಯದು ಎಂದು ಹೇಳು ಅಂದಿದ್ದೇನೆ.