ಆ ಬಾಗಿಲನ್ನು ಮುಚ್ಚಿಸಿದವಳು ನಾನು

ನಮ್ಮ ಮನೆ ಮುಗಿಯಲು ಐದು ವರ್ಷ ಹಿಡಿದದ್ದು ಮೇಸ್ತ್ರಿ ಕೃಷ್ಣಪ್ಪನವರಿಂದಲ್ಲ, ನನ್ನಿಂದ. ಅವರು ಅರ್ಧಕ್ಕೆ ಬಿಟ್ಟು ಓಡಿಹೋದರೆಂದು ಕೊಪ್ಪದಲ್ಲಿ ನಮ್ಮ ಪರಿಚಯದವರೆಲ್ಲ ನಂಬಿದ್ದಾರೆ. ನನ್ನ ಗಂಡ ಹಾಗೆಂದು ಕಂಡಕಂಡವರಿಗೆ ಹೇಳಿದ್ದಾರೆ. ಅವರು ಹೇಳುವಾಗ ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ — ಕೆಲವು ಸಲ ತಲೆಯನ್ನೂ ಆಡಿಸಿದ್ದೇನೆ.

ನಾನು ಪ್ರಾಥಮಿಕ ಶಾಲೆಯ ಟೀಚರು. ಮದುವೆಯಾಗಿ ಬಂದಾಗ ಬಾಡಿಗೆ ಮನೆಯಲ್ಲಿ ನಾವು ಮೂವರು: ನಾನು, ನನ್ನ ಗಂಡ ಸತೀಶ, ಅವರ ಅಕ್ಕ ಶಾಂತಕ್ಕ. ಶಾಂತಕ್ಕ ಮದುವೆಯಾಗಿರಲಿಲ್ಲ, ಹೊಲಿಗೆಯೇ ಅವರ ಬದುಕು. ಅವರ ಕೈಯ ರವಿಕೆಗೆಂದು ಶೃಂಗೇರಿಯಿಂದಲೂ ಹೆಂಗಸರು ಬಸ್ಸು ಹತ್ತಿ ಬರುತ್ತಿದ್ದರು. ಬಂದವರು ನಮ್ಮ ಜಗಲಿಯಲ್ಲಿ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಸಂಜೆ ಶಾಲೆಯಿಂದ ದಣಿದು ಬಂದರೆ ನನಗೆ ಚಪ್ಪಲಿ ಬಿಡಲು ಜಾಗವಿಲ್ಲ, ಕೂರಲು ಕುರ್ಚಿಯಿಲ್ಲ. ಬಂದವರು, “ಶಾಂತಮ್ಮ ಇದಾರಾ?” ಎಂದು ನನ್ನನ್ನೇ ಕೇಳುವರು — ಆ ಮನೆ ಅವರದು, ನಾನು ನೆಂಟರವಳು ಎಂಬಂತೆ. ಶಾಂತಕ್ಕ ನನಗೆ ಎಂದೂ ಒಂದು ಗಟ್ಟಿ ಮಾತು ಆಡಿದವರಲ್ಲ. ಬೇರೆ ತಪ್ಪೇನೂ ಸಿಗದೆ ಅದರ ಮೇಲೂ ನನಗೆ ಸಿಟ್ಟಿತ್ತು.

ಹಳ್ಳಿಯಲ್ಲಿದ್ದ ಮಾವ ತೀರಿಕೊಂಡ ಮೇಲೆ ಊರಂಚಿನ ಅವರ ಸೈಟಿನಲ್ಲಿ ಮನೆ ಕಟ್ಟುವುದೆಂದಾಯಿತು. ಸೈಟಿನಲ್ಲಿ ಶಾಂತಕ್ಕನಿಗೂ ಹಕ್ಕಿತ್ತು. ಅವರು ತಾವಾಗಿಯೇ ನೋಂದಣಿ ಕಚೇರಿಗೆ ಬಂದು, ಪಾಲು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿ ಹೆಬ್ಬೆಟ್ಟೂ ಒತ್ತಿದರು. ಹೊರಗೆ ಬಂದು ಸೆರಗಿನಲ್ಲಿ ಹೆಬ್ಬೆರಳಿನ ಮಸಿ ಒರೆಸಿಕೊಳ್ಳುತ್ತ ಹೇಳಿದರು:

“ನಂಗೆ ಪಾಲು ಎಂತಕ್ಕೆ ಸತೀಶ? ನನ್ನ ರೂಮಿಗೆ ರಸ್ತೆ ಕಡೆ ಒಂದು ಬಾಗಿಲು ಇಡಿಸು, ಸಾಕು. ಹೊಲಿಗೆಗೆ ಬಂದವರು ಹಂಗೇ ಬಂದು ಹಂಗೇ ಹೋಗ್ತಾರೆ. ಮಾಲತಿಗೂ ಕಿರಿಕಿರಿ ಇಲ್ಲ.”

ನನ್ನ ಕಿರಿಕಿರಿ ಅವರಿಗೆ ತಿಳಿದಿತ್ತು! ನಾಚಿಕೆಯಾಗಬೇಕಿತ್ತು ನನಗೆ. ಆಗಲಿಲ್ಲ. ಬದಲಿಗೆ ಬೇರೆಯೇ ಒಂದು ಯೋಚನೆ ಹೊಕ್ಕಿತು — ಇವತ್ತು ಬೇರೆ ಬಾಗಿಲು, ನಾಳೆ ಬೇರೆ ಒಲೆ, ಆಮೇಲೆ ಅರ್ಧ ಮನೆ. ಸಹಿ ಹಾಕಿದವರ ಬಗ್ಗೆ ಹೀಗೆ ಯೋಚಿಸಲು ನನಗೆ — ಇರಲಿ.

ಬೇಗಾರಿನ ಕಡೆಯ ಕೃಷ್ಣಪ್ಪನವರು ಕೆಲಸ ಹಿಡಿದರು. “ಹತ್ತು ತಿಂಗಳು ಟೀಚರೇ, ಹೆಚ್ಚೂ ಬೇಡ ಕಡಿಮೆನೂ ಬೇಡ” ಎಂದಿದ್ದರು. ಆದರೆ ಮನೆ ಕಟ್ಟುವುದೆಂದರೆ ಕಾಯುವುದು ಎಂದು ಒಂದೆರಡು ತಿಂಗಳಲ್ಲೇ ಗೊತ್ತಾಯಿತು. ಕಲ್ಲು ಬಂದರೆ ಮರಳಿಲ್ಲ. ಮರಳು ಬಂದರೆ ಆಳುಗಳು ಅಡಿಕೆ ಕೊಯ್ಲಿಗೆ ಹೋಗಿರುತ್ತಿದ್ದರು. ಆಳು ಬಂದ ದಿನ ನೀರಿನ ಮೋಟಾರು ಸುಟ್ಟಿರುತ್ತಿತ್ತು. ದಿನಾ ಶಾಲೆ ಬಿಟ್ಟವಳೇ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದೆ. ನಿನ್ನೆ ಎಷ್ಟಿತ್ತೋ ಗೋಡೆ ಇವತ್ತೂ ಅಷ್ಟೇ.

ಬಾಗಿಲ ಚೌಕಟ್ಟುಗಳನ್ನು ಭಂಡಿಗಡಿಯ ಬಡಗಿಯೊಬ್ಬರಿಗೆ ಒಪ್ಪಿಸಿದ್ದೆವು. ಉಳಿದವೆಲ್ಲ ಬಂದವು, ಶಾಂತಕ್ಕನ ರಸ್ತೆ ಬಾಗಿಲಿನದೊಂದು ಬರಲಿಲ್ಲ. ಫೋನ್ ಮಾಡಿದರೆ “ನಾಳೆ ಕಳಿಸ್ತೆ” ಎನ್ನುವರು. ಮೂರು ವಾರ ಅದೇ ನಾಳೆ. ಒಂದು ಸಂಜೆ ನಾನು ಹೋದಾಗ ಕೃಷ್ಣಪ್ಪನವರು ಸುಮ್ಮನೆ ಕೂತಿದ್ದರು.

“ಎಂತ ಮಾಡದು ಟೀಚರೇ, ಚೌಕಟ್ಟು ಬರದೆ ಆ ಗೋಡೆ ಏಳದಿಲ್ಲ.”

ಆ ಸಂಜೆಯ ನನ್ನ ಸಿಟ್ಟು ಸುಳ್ಳಲ್ಲ. ಆದರೆ ಸಿಟ್ಟಿನ ಅಡಿಯಲ್ಲಿ ಇನ್ನೊಂದಿತ್ತು. ಅದು ತಿಂಗಳುಗಳಿಂದ ಇಂಥದೊಂದು ನೆಪಕ್ಕೇ ಕಾದಿತ್ತು.

“ಆ ಬಾಗಿಲಿನ ಜಾಗನ ಮುಚ್ಚಿ ಗೋಡೆ ಕಟ್ಟಿಬಿಡಿ” ಎಂದೆ.

“ಶಾಂತಕ್ಕೋರಿಗೆ ಹೇಳಿದೀರಾ?”

“ಹೇಳಿದೀನಿ. ಅವರೇ ಬೇಡ ಅಂದ್ರು.”

ಅಷ್ಟೇ. ಎರಡು ದಿನದಲ್ಲಿ ಗೋಡೆ ಎದ್ದಿತು.

ನಾಲ್ಕನೆಯ ದಿನ ಶಾಂತಕ್ಕ ಬಂದರು, ನನ್ನ ಗಂಡನ ಜೊತೆ. ನಾನು ಆಗಲೇ ಅಲ್ಲಿದ್ದೆ. ಅವರು ಗೋಡೆಯ ಈಚೆ ಬಂದು ನೋಡಿದರು, ಆಚೆ ಹೋಗಿ ನೋಡಿದರು. ಆಮೇಲೆ ಕೇಳಿದರು:

“ಯಾರನ್ನ ಕೇಳಿ ಮುಚ್ಚಿದ್ರಿ ಕೃಷ್ಣಪ್ಪ?”

“ನೀವೇ ಬೇಡ ಅಂದ್ರಂತಲ್ಲ ಅಕ್ಕೋರೇ. ಟೀಚರು ಹೇಳಿದ್ರು.”

ಮೂವರೂ ನನ್ನ ಕಡೆ ತಿರುಗಿದರು. ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಜಗಳವಾಗುತ್ತಿತ್ತು, ಒಂದು ವಾರ ಮಾತು ಬಿಡುತ್ತಿದ್ದೆವು, ನಾಲ್ಕು ಸಾಲು ಕಲ್ಲು ಕೀಳುತ್ತಿದ್ದರು — ಅಲ್ಲಿಗೆ ಮುಗಿಯುತ್ತಿತ್ತು. ನಾನು ಹೇಳಿದ್ದು ಇದು:

“ನಾನೆಲ್ಲಿ ಹೇಳಿದೆ ಕೃಷ್ಣಪ್ಪ? ನೀವು ಎರಡೆರಡು ಕಡೆ ಕೆಲಸ ಹಿಡ್ಕೊಂಡಿದೀರಿ, ಬೇರೆ ಮನೆಯವರು ಹೇಳಿದ್ದು ಇಲ್ಲಿದು ಅಂತ ನೆನಪಾಗಿರಬೇಕು.”

ಕೃಷ್ಣಪ್ಪನವರು ನನ್ನನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ. ಟೀಚರು ಸುಳ್ಳು ಹೇಳುತ್ತಾರೆಂದು ಅವರಿಗೆ ನಂಬಲಾಗಲಿಲ್ಲವೇನೋ — ತಮ್ಮ ನೆನಪೇ ತಪ್ಪಿತೇ ಎಂದು ಹುಡುಕುವವರಂತೆ ಹಣೆ ಉಜ್ಜಿಕೊಂಡರು.

ಶಾಂತಕ್ಕ ಯಾರಿಗೂ ಬೈದವರಲ್ಲ. ಅವತ್ತು ಬೈದರು. “ತಪ್ಪು ಮಾಡಿದ್ದಲ್ದೆ ಸುಳ್ಳು ಬೇರೆ ಹೇಳ್ತೀರಾ? ನಾಚಿಕೆ ಆಗಲ್ವಾ ಈ ವಯಸ್ಸಲ್ಲಿ?” ಎಂದರು. ನನ್ನ ಗಂಡ, “ನಿನ್ನ ತಪ್ಪನ್ನ ನನ್ನ ಹೆಂಡ್ತಿ ತಲೆಗೆ ಕಟ್ತೀಯಾ?” ಎಂದು ಏಕವಚನಕ್ಕಿಳಿದರು. ಅಷ್ಟೂ ಆಳುಗಳ ಎದುರು.

ಕೃಷ್ಣಪ್ಪನವರು ಕೈಕಾಲು ತೊಳೆದರು. ಅಂಗಿ ಹಾಕಿಕೊಂಡರು. “ಆಯ್ತು ಮಾರಾಯ್ರೆ” ಎಂದಷ್ಟೇ ಹೇಳಿ ರಸ್ತೆಗಿಳಿದರು. ಮತ್ತೆ ಬರಲಿಲ್ಲ.

ಒಬ್ಬರು ಕೈಹಾಕಿದ ಕೆಲಸಕ್ಕೆ ಇನ್ನೊಬ್ಬ ಮೇಸ್ತ್ರಿಯನ್ನು ಹುಡುಕುವುದು ಎಂಥ ಪಾಡೆಂದು ಆಮೇಲೆ ತಿಳಿಯಿತು. ಬಂದವರೆಲ್ಲ ಗೋಡೆ ತಟ್ಟಿ, “ಇದನ್ನ ಕಟ್ಟಿದ್ದು ಯಾರು?” ಎಂದು ಕೇಳಿ, ಆಲೋಚಿಸಿ ಹೇಳುತ್ತೇನೆಂದು ಹೋಗುವರು. ಒಂದೂವರೆ ವರ್ಷ ಬರೀ ಗೋಡೆಗಳು ನಿಂತಿದ್ದವು, ಒಳಗೆ ಆಳೆತ್ತರ ಕಳೆ. ಬಾಳೆಹೊನ್ನೂರಿನವರೊಬ್ಬರು ಬಂದು ತಾರಸಿ ಹಾಕಿ ಮಾಯವಾದರು. ಆಮೇಲೆ ಬಂದವರು ಬಚ್ಚಲಿನ ನೆಲವನ್ನು ನೀರು ಕೋಣೆಗೆ ಹರಿಯುವಂತೆ ಮಾಡಿದರು. ಅದನ್ನು ಕಿತ್ತು ಮತ್ತೆ ಮಾಡಿಸಿದೆವು. ಎಲೆಕ್ಟ್ರಿಷಿಯನ್ನನ ಫೋನು ರಿಂಗಾಗುತ್ತಲೇ ಇರುತ್ತಿತ್ತು. ಒಂದೊಂದು ಅಡ್ಡಿಗೂ ನನ್ನ ಗಂಡ ಹಲ್ಲು ಕಡಿದು, “ಎಲ್ಲ ಆ ಕೃಷ್ಣಪ್ಪನಿಂದ” ಎನ್ನುವರು. ನನಗೂ ಸಿಟ್ಟು ಬರುತ್ತಿತ್ತು — ಬಡಗಿಯ ಮೇಲೆ, ಮರಳಿನ ಮೇಲೆ, ಸಹಿಗಾಗಿ ಅಲೆಸಿದ ಪರವಾನಗಿ ಕಚೇರಿಯ ಮೇಲೆ. ನನ್ನ ಮೇಲೆ ಬಿಟ್ಟು ಎಲ್ಲದರ ಮೇಲೆ.

ಆ ಬಾಗಿಲನ್ನು ಆಮೇಲಾದರೂ ಇಡಿಸಬಹುದಿತ್ತು. ಗಂಡ ಒಂದೆರಡು ಸಲ ಕೇಳಿದರು. “ಮೊದಲು ತಾರಸಿ ಆಗ್ಲಿ” ಎಂದೆ. ತಾರಸಿಯಾದ ಮೇಲೆ “ಗಾರೆ ಆಗ್ಲಿ” ಎಂದೆ. ಗಾರೆಯಾದ ಮೇಲೆ ಯಾರೂ ಕೇಳಲಿಲ್ಲ.

ಶಾಂತಕ್ಕ ಎರಡನೆಯ ವರ್ಷವೇ ನರಸಿಂಹರಾಜಪುರದಲ್ಲಿ ಒಂದು ಮಳಿಗೆ ಹಿಡಿದು, ಹಿಂದಿನ ಕೋಣೆಯಲ್ಲಿ ಇರತೊಡಗಿದರು. “ಮನೆ ಮುಗಿಯೋ ತನಕ” ಎಂದಿದ್ದರು. ಮನೆ ಮುಗಿಯುವಷ್ಟರಲ್ಲಿ ಅವರು ಅಲ್ಲಿ ಬೇರು ಬಿಟ್ಟಿದ್ದರು. ಗೃಹಪ್ರವೇಶಕ್ಕೆ ಬಂದರು, ಎಲ್ಲ ಕಿಟಕಿಗಳ ಪರದೆಗಳನ್ನೂ ತಾವೇ ಹೊಲಿದು ತಂದಿದ್ದರು. ಊಟ ಮಾಡಿ ಸಂಜೆಯ ಬಸ್ಸಿಗೆ ಹೊರಟುಬಿಟ್ಟರು. ಅವರಿಗೆಂದು ಕಟ್ಟಿದ ಕೋಣೆಯಲ್ಲಿ ಈಗ ಇಸ್ತ್ರಿ ಮೇಜೂ ಹಳೆಯ ಪೇಪರುಗಳೂ ಇವೆ.

ಈ ಜೂನಿನಲ್ಲಿ ಕೃಷ್ಣಪ್ಪನವರು ನಮ್ಮ ಶಾಲೆಗೆ ಬಂದರು. ಮಗಳನ್ನು ಕೊಪ್ಪಕ್ಕೆ ಕೊಟ್ಟಿದ್ದಾರಂತೆ. ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸಬೇಕಿತ್ತು. ಅರ್ಜಿ ತುಂಬಿಸಿಕೊಳ್ಳಬೇಕಾದವಳು ನಾನು. ನನ್ನನ್ನು ಕಂಡೊಡನೆ ತಿರುಗಿ ಹೋಗುತ್ತಾರೆಂದುಕೊಂಡೆ. ಅವರು ಕೈ ಮುಗಿದರು.

“ಮನೆ ಮುಗೀತಾ ಟೀಚರೇ?”

“ಮುಗೀತು.”

“ಒಳ್ಳೇದಾಯ್ತು.”

ಅದರಲ್ಲಿ ಕುಹಕವನ್ನು ಹುಡುಕಿದೆ. ಇರಲಿಲ್ಲ. ಮಗುವಿನ ಹೆಸರು ಬರೆಯುವಾಗ ಎರಡು ಸಲ ತಪ್ಪಿದೆ. ಅಲ್ಲೇ ಹೇಳಬಹುದಿತ್ತು. ಆಗಲೂ ಹೇಳಲಿಲ್ಲ.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವರು, “ಆ ಮನುಷ್ಯನ್ನ ನಾನು ಇಡೀ ಪೇಟೆಲಿ ಅರ್ಧಕ್ಕೆ ಬಿಟ್ಟು ಓಡಿದವ ಅಂದೆನಲ್ಲ” ಎಂದರು. ಅಂದಿನಿಂದ ನಮ್ಮ ನಡುವೆ ಅಗತ್ಯವಿದ್ದಷ್ಟೇ ಮಾತು.

ಭಾನುವಾರ ನರಸಿಂಹರಾಜಪುರಕ್ಕೆ ಹೋದೆ. ಶಾಂತಕ್ಕ ಮಿಷನ್ನು ನಿಲ್ಲಿಸಿ ಪೂರಾ ಕೇಳಿದರು. ಬಾಗಿಲಿನ ಬಗ್ಗೆ, ಬಿಟ್ಟುಕೊಟ್ಟ ಪಾಲಿನ ಬಗ್ಗೆ ಏನಾದರೂ ಅನ್ನುತ್ತಾರೆಂದು ಕಾದೆ.

“ಬಾಗಿಲು ಬೇಡ ಅಂತ ನನ್ನ ಹತ್ರ ಹೇಳಿದ್ರೆ ನಾನು ಹೂಂ ಅಂತಿದ್ದೆ ಮಾಲತಿ” ಎಂದರು. “ನನ್ನ ಬಾಯಲ್ಲಿ ಕೃಷ್ಣಪ್ಪನವರಿಗೆ ಬೈಸಿದೆಯಲ್ಲ. ಅದನ್ನ ಎಲ್ಲಿಂದ ವಾಪಸ್ ತರ್ತೀ?”

ಅವರು ಮತ್ತೆ ಮಿಷನ್ನಿನ ಕಡೆ ತಿರುಗಿ, “ಗಿರಾಕಿ ಬರೋ ಹೊತ್ತು. ನೀನು ಹೋಗು” ಎಂದರು. ಹೊರಟೆ.

ಇನ್ನು ಕೃಷ್ಣಪ್ಪನವರ ಊರಿಗೆ, ಬೇಗಾರಿಗೆ, ಹೋಗುವುದಿದೆ. ಗಂಡ ಜೊತೆಗೆ ಬರುವುದಿಲ್ಲವಂತೆ; ಅವರು ಕ್ಷಮೆ ಕೇಳುವುದಿದ್ದರೆ ಬೇರೆಯೇ ಹೋಗಿ ಕೇಳುತ್ತಾರಂತೆ. ಸರಿಯೇ. ಕೃಷ್ಣಪ್ಪನವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ ಬರಬಹುದು, ಅದು ಸುಲಭ. ಆದರೆ ಅವರಿಗೆ ಅವಮಾನವಾದದ್ದು ನಾಲ್ಕು ಜನರೆದುರು. ಅವರ ಹೆಂಡತಿಯ ಎದುರು, ಅವರ ಜೊತೆ ಅಂದು ಕೆಲಸಕ್ಕಿದ್ದ ಆಳುಗಳಲ್ಲಿ ಸಿಕ್ಕವರ ಎದುರು ಹೇಳುತ್ತೇನೆ — ಸುಳ್ಳು ಹೇಳಿದವಳು ನಾನು ಎಂದು. ಅವರು ಏನಂದರೂ ಕೇಳಿಕೊಂಡು, ಏನೂ ಅನ್ನದಿದ್ದರೆ ಅದನ್ನೂ ಹೊತ್ತುಕೊಂಡು ಬರುತ್ತೇನೆ.