ಸೊನ್ನೆ ಡಿಗ್ರಿಗೆ ಬಂದ್ ಆದ ಪೆಟ್ಟಿಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅರ್ಧ ಕಾರಣ ಆ ಸಿಟ್ಟು, ಇನ್ನರ್ಧ ನಾನೇ ಬರೆದ ಒಂದು ಪ್ರೋಗ್ರಾಂ.

ತುಮಕೂರು ಪಕ್ಕದ ಅಂತರಸನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ದಿನಾ ಗುಬ್ಬಿಯಿಂದ ಬೈಕಿನಲ್ಲಿ ಬಂದು ಹೋಗುತ್ತೇನೆ. ಹಾಲಿನ ಕೇಂದ್ರಗಳಲ್ಲಿ ತೂಕ, ಫ್ಯಾಟ್ ತೋರಿಸುವ ಕಂಪ್ಯೂಟರ್ ಪೆಟ್ಟಿಗೆಗಳನ್ನು ನಾವು ಮಾಡುತ್ತೇವೆ. ಅದರೊಳಗಿನ ಚಿಪ್ ಕಾಯ್ದರೆ ಏನು ಮಾಡಬೇಕೆಂದು ಆಪರೇಟಿಂಗ್ ಸಿಸ್ಟಮ್‌ಗೆ ತಿಳಿಸುವ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ, ಥರ್ಮಲ್ ಡ್ರೈವರ್ ಅಂತ. ಅದನ್ನು ಬರೆದವನು ನಾನು. ಇಷ್ಟು ಡಿಗ್ರಿ ಆದರೆ ಫ್ಯಾನ್ ಹಾಕು, ಇಷ್ಟಾದರೆ ಕೆಲಸ ನಿಧಾನ ಮಾಡು, ಇಷ್ಟು ದಾಟಿದರೆ ಎಲ್ಲ ಬಂದ್ ಮಾಡು. ಹೀಗೆ ಮೂರು ಮಿತಿ. ಮಾಡೆಲ್ ಬದಲಾದರೆ ಅಂಕಿಗಳೂ ಬದಲು. ಡಿಸೈನ್‌ನವರು ಕೊಟ್ಟ ಪಟ್ಟಿ ನೋಡಿಕೊಂಡು ಆ ಅಂಕಿಗಳನ್ನು ಪೆಟ್ಟಿಗೆಗೆ ತುಂಬುವುದು ಪ್ಯಾಕಿಂಗ್‌ಗೆ ಮುಂಚಿನ ಕೊನೆಯ ಕೆಲಸ. ಅದನ್ನು ಮಾಡುತ್ತಿದ್ದವರು ಅಕ್ಕ.

ನನ್ನ ಸ್ವಂತ ಅಕ್ಕ ಅಲ್ಲ. ನಮ್ಮ ಗುಬ್ಬಿ ತಾಲ್ಲೂಕಿನ ಕಡಬದಿಂದ ಎರಡು ಬಸ್ ಹತ್ತಿ ಇಳಿದು ಬರುತ್ತಿದ್ದ, ಐವತ್ತರ ಆಸುಪಾಸಿನ ಹೆಂಗಸು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಅಕ್ಕ. ಮುಂಚೆ ಊರಿನ ಹಾಲಿನ ಡೈರಿಯಲ್ಲಿ ರಿಜಿಸ್ಟರ್ ಬರೆಯುತ್ತಿದ್ದರು. ಇಲ್ಲಿ ಕಾಂಟ್ರಾಕ್ಟ್ ಕೆಲಸ, ಆರಾರು ತಿಂಗಳಿಗೊಮ್ಮೆ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾಲ್ಕು ವರ್ಷ ಹೀಗೇ ಕಳೆದ ಮೇಲೆ, "ಈ ತಿಂಗ್ಳು ಪರ್ಮನೆಂಟ್ ಮಾಡ್ತಾರಂತೆ ಸಾರ್, ಆರ್ಡ್ರು ರೆಡಿ ಐತಂತೆ" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದರು. ಹೇಳುವಾಗ ಮುಖ ಅರಳಿತ್ತು.

ಅದೇ ವಾರ ಹುಲಿಯೂರುದುರ್ಗದ ಕಡೆಯ ಒಂದು ಕೇಂದ್ರದಿಂದ ಫೋನ್ ಬಂತು. ಹೊಸ ಮಾಡೆಲ್ ಪೆಟ್ಟಿಗೆ ಆನ್ ಆಗುತ್ತದೆ, ಅರ್ಧ ನಿಮಿಷಕ್ಕೆ ಆಫ್ ಆಗುತ್ತದೆ. ಮಾರನೆಯ ಬೆಳಿಗ್ಗೆ ಕುಣಿಗಲ್ ದಾಟಿ ಅಲ್ಲಿಗೆ ಹೋದೆ. ಜನ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. ಸ್ವಿಚ್ ಹಾಕಿದೆ, ಪರದೆ ಬೆಳಗಿತು, ಬಂದ್ ಆಯಿತು. ಇನ್ನೊಮ್ಮೆ ಹಾಕಿದೆ. ಮತ್ತೆ ಅದೇ ಕಥೆ. ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ, ತಾಪಮಾನ ಮಿತಿ ಮೀರಿದೆ ಎಂದು ಬರೆದುಕೊಂಡು ಮಲಗುತ್ತಿದೆ. ಮುಟ್ಟಿದರೆ ಪೆಟ್ಟಿಗೆ ತಣ್ಣಗಿದೆ!

ವಿಷಯ ಕೇಳಿ ಸಾಲಿನಲ್ಲಿದ್ದ ಯಜಮಾನರೊಬ್ಬರು ನಕ್ಕರು. "ಬಿಸ್ಲಲ್ಲಿ ನಿಂತಿರೋರು ನಾವು, ಕಾಯ್ದೋಯ್ತು ಅಂತ ಮಲಗ್ತಾ ಇರೋದು ಅದು. ಸೋಂಬೇರಿ ಕಣ್ಲಾ ಇದು!" ಎಲ್ಲರೂ ಗೊಳ್ಳೆಂದರು. ನನಗೆ ಮೈಯೆಲ್ಲ ಉರಿಯಿತು. ಒಳಗಿನ ಪಟ್ಟಿ ತೆರೆದೆ. ಬಂದ್ ಆಗಬೇಕಾದ ಮಿತಿಯ ಜಾಗದಲ್ಲಿ ಸೊನ್ನೆ ಇತ್ತು. ಅಲ್ಲಿನ ಗಾಳಿಯೇ ಇಪ್ಪತ್ತೈದು ಡಿಗ್ರಿ ಇರುವಾಗ, ಸೊನ್ನೆ ದಾಟಿತು ಎಂದು ಪೆಟ್ಟಿಗೆ ಪಾಪ ಹೇಳಿದಂತೆ ಕೇಳುತ್ತಿತ್ತು.

ಕಾರ್ಖಾನೆಗೆ ಬಂದವನು ಹೆಲ್ಮೆಟ್ ಕೂಡ ಇಡಲಿಲ್ಲ, ನೇರ ಫ್ಲೋರಿಗೆ ನುಗ್ಗಿದೆ. ಹತ್ತು ಹನ್ನೆರಡು ಜನ ಕೆಲಸದಲ್ಲಿದ್ದರು. "ಏನಕ್ಕ ಇದು? ಸೊನ್ನೆ ಡಿಗ್ರಿ ಅಂದ್ರೆ ಐಸು! ತುಮಕೂರಲ್ಲಿ ಯಾವತ್ತಾದ್ರೂ ಐಸ್ ಬಿದ್ದಿದ್ಯಾ? ತಲೆ ಎಲ್ಲಿಟ್ಕೊಂಡು ಕೆಲಸ ಮಾಡ್ತೀರಾ?"

ಅಕ್ಕ ಎದ್ದು ನಿಂತರು. "ಆ ಪಟ್ಟಿಯಾಗೆ ಆ ಜಾಗ ಖಾಲಿ ಇತ್ತು ಸಾರ್. ಖಾಲಿ ಬುಡಬಾರ್ದು ಅಂತ ಸೊನ್ನೆ ಹಾಕ್ದೆ. ಡೈರೀಲಿ ಹಾಲು ಹಾಕ್ದೆ ಇದ್ದೋರ ಹೆಸ್ರಿನ ಮುಂದೆ ಸೊನ್ನೆನೇ ಹಾಕ್ತಿದ್ವಿ. ಖಾಲಿ ಬುಟ್ರೆ ಆಮೇಲೆ ಯಾರಾದ್ರೂ ಏನಾದ್ರೂ ಬರ್ಕೋತಾರೆ ಅಂತ."

"ಇದು ನಿಮ್ಮೂರ ಡೈರಿ ಅಲ್ಲ" ಎಂದೆ. ಅಕ್ಕ ಸೆರಗು ಸರಿಮಾಡಿಕೊಂಡು ಕುಳಿತರು. ಸಂಜೆಯೊಳಗೆ ಮ್ಯಾನೇಜರ್ ಅಕ್ಕನಿಂದ ತಪ್ಪೊಪ್ಪಿಗೆ ಪತ್ರ ಬರೆಸಿಕೊಂಡರು. ಪರ್ಮನೆಂಟ್ ಆರ್ಡರ್ ನಿಂತಿತು. ತಿಂಗಳ ಕೊನೆಗೆ ಕಾಂಟ್ರಾಕ್ಟ್ ಮುಗಿಯುತ್ತದೆ, ಮುಂದುವರಿಸುವುದಿಲ್ಲ ಎಂದೂ ಹೇಳಿದರು.

ಮನೆಗೆ ಬಂದು ಕಾಫಿ ಕುಡಿದು, ಇನ್ನು ಮುಂದೆ ಇಂಥ ಅಂಕಿ ಬಂದರೆ ತಡೆಯೋಣ ಎಂದು ನನ್ನ ಡ್ರೈವರ್ ತೆರೆದೆ. ಪಟ್ಟಿಯಿಂದ ಅಂಕಿ ಓದು, ಮಿತಿಯಾಗಿ ಇಟ್ಟುಕೋ. ಅಷ್ಟೇ ಇತ್ತು. ಈ ಅಂಕಿ ನಂಬುವಂಥದ್ದೇ ಎಂದು ಕೇಳುವ ಒಂದು ಸಾಲೂ ಇಲ್ಲ. ಸಾಲದ್ದಕ್ಕೆ, ಅದರ ಮೇಲಿನ ಸಾಲಿನಲ್ಲಿ ನಾನೇ ಬರೆದಿಟ್ಟ ಟಿಪ್ಪಣಿ: ಅಂಕಿ ಸರಿಯಿದೆಯೇ ಇಲ್ಲಿ ನೋಡಬೇಕು, ಆಮೇಲೆ ಮಾಡುತ್ತೇನೆ. ಬರೆದು ಎರಡು ವರ್ಷವಾಗಿತ್ತು. ಹೊಸ ಮಾಡೆಲಿನ ಚಿಪ್ ಹೆಚ್ಚು ಕಾಯ್ದರೆ ತಾನಾಗಿಯೇ ಬಂದ್ ಆಗುವಂಥದ್ದು, ಅದಕ್ಕೆ ನಮ್ಮ ಮೂರನೆಯ ಮಿತಿ ಬೇಕಾಗಿಯೇ ಇರಲಿಲ್ಲ, ಅದಕ್ಕೇ ಆ ಜಾಗ ಖಾಲಿ ಇದ್ದದ್ದು. ಅದನ್ನು ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅದಕ್ಕಿಂತ ಕಡೆ, ನೆಲಕ್ಕೆ ಒದ್ದು ಬಂದಿದ್ದೆ.

ನಾಚಿಕೆಯಾಯಿತು. ಆದರೂ ಮೊದಲು ಬಂದ ಯೋಚನೆ ಒಳ್ಳೆಯದೇನಲ್ಲ. ಸದ್ದಿಲ್ಲದೆ ಸರಿಮಾಡಿ ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ ಅನಿಸಿತು. ಹೆಂಡತಿ ಏನಾಯಿತೆಂದು ಕೇಳಿದಳು, ಹೇಳಿದೆ. "ಹಂಗಾದ್ರೆ ನಿಮ್ ತಪ್ಪಿಗೆ ಆಯಮ್ಮ ಕೆಲಸ ಕಳ್ಕೋಬೇಕಾ?" ಎಂದಳು. ನಾನು ಕೋಡ್ ಬರೆಯಲು ಕುಳಿತೆ.

ಒಂದು ಅಂಕಿ ಕೆಟ್ಟಿದ್ದರೆ ಇಡೀ ಪಟ್ಟಿಯನ್ನೇ ಬೇಡ ಅನ್ನೋಣ ಎಂದು ಮೊದಲು ಬರೆದೆ. ಹಾಗೆ ಮಾಡಿದರೆ ಸರಿಯಿದ್ದ ಮಿತಿಗಳೂ ಹೋಗುತ್ತವೆ, ನಿಜವಾಗಿ ಕಾಯ್ದಾಗ ಪೆಟ್ಟಿಗೆಯನ್ನು ನಿಧಾನ ಮಾಡುವವರೇ ಇರುವುದಿಲ್ಲ. ಅಳಿಸಿದೆ. ಅಂಕಿ ಆಗಲಾರದಷ್ಟು ಕಡಿಮೆ, ಇಲ್ಲವೇ ಚಿಪ್ ತಾಳಲಾರದಷ್ಟು ಹೆಚ್ಚು ಇದ್ದರೆ ಆ ಒಂದು ಮಿತಿಯನ್ನು ಮಾತ್ರ ಬಿಡು, ಬಿಟ್ಟೆ ಎಂದು ಬರೆದಿಡು, ಉಳಿದವನ್ನು ಇಟ್ಟುಕೊಂಡು ಕೆಲಸ ಮುಂದುವರಿಸು ಎಂದು ಬರೆದೆ. ಎಲ್ಲ ಸೇರಿ ಹತ್ತು ಸಾಲು. ಎರಡು ವರ್ಷದ ಹಿಂದೆ ಬರೆದಿದ್ದರೆ ಅರ್ಧ ಗಂಟೆಯ ಕೆಲಸ.

ಬೆಳಿಗ್ಗೆ ಮ್ಯಾನೇಜರ್ ಮುಂದೆ ಲ್ಯಾಪ್‌ಟಾಪ್ ಇಟ್ಟು ಆ ಟಿಪ್ಪಣಿ ತೋರಿಸಿದೆ. ಅವರು ಓದಿ, "ಹೋಗ್ಲಿ ಬಿಡ್ರೀ, ಲೆಟರ್ ಬಂದಾಯ್ತಲ್ಲ. ನಿಮ್ ಹೆಸ್ರು ಯಾಕೆ ಮಧ್ಯ ತರ್ತೀರಾ?" ಎಂದರು.

"ಆ ಲೆಟರ್ ಹರಿದುಹಾಕಿ ಸಾರ್. ನಾನು ಬರ್ಕೊಡ್ತೀನಿ."

ಬರೆದುಕೊಟ್ಟೆ. ಅವರು ಅಕ್ಕನ ಪತ್ರವನ್ನು ಫೈಲಿನಿಂದ ತೆಗೆದು ಹರಿದರು. ಆರ್ಡರಿಗೆ ನನ್ನೆದುರೇ ಸಹಿ ಹಾಕಿದರು. ಅದನ್ನು ಹಿಡಿದು ಓಡಿದೆ. ಅಕ್ಕನನ್ನು ಸ್ಟೋರ್ ರೂಮಿನ ಪಕ್ಕದ ಓಣಿಗೆ ಕರೆದು, ಕಾಗದ ಕೈಗೆ ಕೊಟ್ಟು, "ತಪ್ಪು ನಂದೇ ಅಕ್ಕ, ಕ್ಷಮಿಸಿ" ಎಂದೆ.

ಅವರು ಆರ್ಡರನ್ನು ಎರಡು ಸಲ ಓದಿದರು. ಕಣ್ಣು ತುಂಬಿತ್ತು. ಅಳುತ್ತಾರೆ ಅಂದುಕೊಂಡೆ, ಅಳಲಿಲ್ಲ. ಕಾಗದ ಮಡಿಸುತ್ತ ಹೇಳಿದರು: "ಬೈಯುವಾಗ ಎಲ್ಲಾರ್ ಮುಂದೂ ಬೈದ್ರಿ. ಈಗ ಮೂಲೇಗೆ ಕರ್ದು ಹೇಳ್ತಿದೀರಲ್ಲ ಸಾರ್."

ಅಷ್ಟು ಹೇಳಿ ತಮ್ಮ ಜಾಗಕ್ಕೆ ಹೋಗಿ ಕುಳಿತರು. ನಾನು ಓಣಿಯಲ್ಲಿ ಒಬ್ಬನೇ ನಿಂತಿದ್ದೆ. ಟೀ ಹೊತ್ತು, ಎಲ್ಲರೂ ಲೋಟ ಹಿಡಿದು ಫ್ಲೋರಿನಲ್ಲೇ ಇದ್ದರು. ಹೋಗಿ ನಡುವೆ ನಿಂತೆ. ನಿನ್ನೆ ಅಷ್ಟು ಜೋರಾಗಿ ಎದ್ದಿದ್ದ ದನಿ ಈಗ ಏಳಲೇ ಇಲ್ಲ. ತಪ್ಪು ಅಕ್ಕನದಲ್ಲ, ನನ್ನದು ಎಂದು ಹೇಳಿದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಕೇಳುಸ್ತಾ ಇಲ್ಲ ಸಾರ್" ಎಂದರು ಅಕ್ಕ, ಕುಳಿತಲ್ಲಿಂದಲೇ. "ಜೋರಾಗಿ ಹೇಳಿ."

ಜೋರಾಗಿ ಹೇಳಿದೆ.